ವಿಲಾಯತಿ ಹತ್ತಿಯಿಂದ ಹೊಸರಿತ್ತಿಯವರೆಗೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅಲ್ಲಿಂದ 129 ವರ್ಷ, ಮೊದಲು ಕಂಪನಿ ಸರಕಾರ, 1858ರ ನಂತರ ರಾಣಿ ಸರಕಾರ. ತುಂಗಭದ್ರೆ ದಾಟಿದರೆ ಮೈಸೂರು ಸಂಸ್ಥಾನ, ನಡುವೆ ಸವಣೂರು ನವಾಬರ ಪುಟ್ಟ ರಾಜ್ಯ, ಉಳಿದದ್ದೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಇಂದಿನ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಕಂಪನಿ ಕಾಲದ ಬದುಕೆಂದರೆ ಕಲೆಕ್ಟರರ ಬಂಗಲೆ, ಲಾಟಸಾಹೇಬರ ಸವಾರಿ ಎಂದು ತಿಳಿಯುವ ರೂಢಿಯಿದೆ. ಈ ಸೀಮೆಯಲ್ಲಿ ಆ ಕಾಲ ಕಾಲಿಟ್ಟದ್ದು ಬೇರೆ ದಾರಿಯಿಂದ. ಚಾವಡಿಯ ಲೆಕ್ಕದ ಪುಸ್ತಕದಿಂದ, ಹೊಲದ ಬೀಜದಿಂದ, ಸಂತೆಯ ಧಾರಣೆಯಿಂದ ಅದು ಮನೆಮನೆಯೊಳಗೆ ಬಂತು.

ಊರ ಚಾವಡಿಯಲ್ಲಿ ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಮೊದಲೂ ಇದ್ದರು, ಕಂಪನಿ ಬಂದ ಮೇಲೂ ಇದ್ದರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಸಮಗಾರ ಮೊದಲಾದ ಆಯಗಾರರು ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತಮ್ಮ ಪಾಲಿನ ಕಾಳು ಪಡೆಯುವ ಕಟ್ಟಳೆಯೂ ಹಾಗೆಯೇ ನಡೆಯಿತು. ಬದಲಾದದ್ದು ಕಂದಾಯ. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಮೇಲ್ವಿಚಾರಣೆಯಲ್ಲಿ ಹೊಲಹೊಲವನ್ನೂ ಅಳೆದು, ಮಣ್ಣಿನ ಗುಣ ನೋಡಿ, ಸರ್ವೆ ನಂಬರು ಕೊಟ್ಟು, ಮೂವತ್ತು ವರ್ಷಕ್ಕೆ ಕಂದಾಯ ಗೊತ್ತುಮಾಡಲಾಯಿತು. ಎರಿ ಭೂಮಿಗೆ ಒಂದು ದರ, ಮಸಾರಿಗೆ ಇನ್ನೊಂದು. ಹಿಂದಿನ ಗೊಂದಲಕ್ಕಿಂತ ಇದು ಮೇಲೆಂದು ರೈತರಿಗೆ ಅನ್ನಿಸಿದ್ದರೂ ಅದರ ಒಂದು ಷರತ್ತು ಬದುಕನ್ನೇ ತಿರುಗಿಸಿತು. ಕಂತಿನ ದಿನ ಬಂದರೆ ರೂಪಾಯಿಯನ್ನೇ ಕಟ್ಟಬೇಕು. ಮಳೆ ಹೋದರೂ, ಬೆಳೆ ಒಣಗಿದರೂ ಕಂತು ತಪ್ಪುವಂತಿಲ್ಲ. ಜೋಳ ಹಗೇವಿನಲ್ಲಿದ್ದರೆ ಮನೆಮಂದಿ ಉಣ್ಣುತ್ತಾರೆ, ಸರಕಾರ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ರೊಟ್ಟಿಯ ಹೊಲದ ಪಕ್ಕದಲ್ಲಿ ರೂಪಾಯಿಯ ಹೊಲವೊಂದು ಬೇಕಾಯಿತು. ಈ ಸೀಮೆಯಲ್ಲಿ ಆ ರೂಪಾಯಿಯ ಬೆಳೆ ಹತ್ತಿ.

ಹತ್ತಿ ಇಲ್ಲಿಗೆ ಹೊಸದಲ್ಲ. ಎರಿ ಭೂಮಿಯಲ್ಲಿ ಜವಾರಿ ಹತ್ತಿ ತಲೆತಲಾಂತರದಿಂದ ಇತ್ತು. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿಯ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎಂದೇ ಕರೆದರು. ಆದರೆ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬೇಕಾಗಿದ್ದದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿ. ಆ ಹತ್ತಿಯನ್ನು ಹಿಂದುಸ್ತಾನದಲ್ಲೇ ಬೆಳೆಸಬೇಕೆಂದು ಕಂಪನಿ 1840ರಲ್ಲಿ ಅಲ್ಲಿಂದ ಹತ್ತು ಮಂದಿ ತೋಟಗಾರರನ್ನು ಕರೆಸಿತು. ಅವರಲ್ಲೊಬ್ಬ ಮರ್ಸರ್ ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಸಿದ. ಅದೇ ಹೊತ್ತಿಗೆ ಧಾರವಾಡದ ಕಲೆಕ್ಟರ್ ಶಾ, ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ತರಿಸಿ ರೈತರಿಗೆ ಹಂಚಿದ. ದೇಶದ ಬೇರೆ ಕಡೆ ಈ ಪ್ರಯೋಗಗಳು ಬಹುಪಾಲು ಮಣ್ಣುಗೂಡಿದವು. ಧಾರವಾಡ ಸೀಮೆಯಲ್ಲಿ ಮಾತ್ರ ಅಮೆರಿಕದ ಬೀಜ ಬೇರೂರಿತು. ಮಲೆನಾಡಿನ ಅಂಚು ಹಾಗೂ ಬಯಲು ಕೂಡುವ ಈ ಪಟ್ಟಿಯ ಹದವಾದ ಮಳೆ, ಮಳೆ ಹಿಂದಾದ ಮೇಲಿನ ತಂಪು ಹವೆ ಅದಕ್ಕೆ ಒಗ್ಗಿದವು. ವ್ಯಾಪಾರಿಗಳ ಪುಸ್ತಕದಲ್ಲಿ ಅದು ‘ಧಾರವಾಡ ಅಮೆರಿಕನ್’, ಒಕ್ಕಲಿಗರ ಬಾಯಲ್ಲಿ ‘ವಿಲಾಯತಿ ಹತ್ತಿ’.

ಬೀಜ ಬದಲಾದರೆ ಕೈಗೆಲಸವೂ ಬದಲಾಗಬೇಕಾಗುತ್ತದೆ. ಜವಾರಿ ಹತ್ತಿಯ ಬೀಜ ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸಣ್ಣ ಉರುಳೆಯನ್ನು ಅಂಗಾಲಿನಿಂದ ಹಿಂದೆಮುಂದೆ ಉರುಳಿಸಿದರೆ ಬೀಜ ಮುಂದಕ್ಕೆ ಹಾರಿ ಎಳೆ ಹಿಂದುಳಿಯುತ್ತಿತ್ತು. ಎಳೆಯೂ ಮುರಿಯದು, ಬೀಜವೂ ಒಡೆಯದು. ಕಾಲಿನ ಅಳತೆಯಲ್ಲೇ ಆ ಜಾಣ್ಮೆಯೆಲ್ಲ ಇತ್ತು. ಅಮೆರಿಕದ ಹತ್ತಿಯಲ್ಲಿ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿರುವುದರಿಂದ ಉರುಳೆಯ ಆಟ ನಡೆಯಲಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕು. ಧಾರವಾಡದಲ್ಲಿ ಸರಕಾರವೇ ಜಿನ್ನು ಕಟ್ಟುವ, ರಿಪೇರಿ ಮಾಡುವ ಕಾರಖಾನೆ ನಡೆಸಿತು, ಡಾಕ್ಟರ್ ಫೋರ್ಬ್ಸ್ ಎಂಬ ಅಧಿಕಾರಿ ಅದನ್ನು ನೋಡಿಕೊಂಡ. ಊರ ಬಡಿಗ, ಕಮ್ಮಾರರಲ್ಲಿ ಕೆಲವರು ಜಿನ್ನಿನ ಮಿಸ್ತ್ರಿಗಳಾದರು. ಉರುಳೆಯ ಹೆಂಗಸರ ಕೆಲಸ ಜವಾರಿ ಹತ್ತಿ ಇದ್ದಷ್ಟು ದಿನ ಉಳಿಯಿತು. ಆಮೇಲೆ ಯಂತ್ರ ಅದನ್ನೂ ನುಂಗಿತು.

1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಹೊತ್ತಿಕೊಂಡು ಅಲ್ಲಿನ ಬಂದರುಗಳು ಮುಚ್ಚಿದವು. ಸಾವಿರಾರು ಮೈಲಿ ದೂರದ ಆ ಯುದ್ಧದ ಬಿಸಿ ರಾಣೆಬೆನ್ನೂರಿನ ಹತ್ತಿ ಪೇಟೆಗೂ ತಟ್ಟಿತು. ಹತ್ತಿಯ ಧಾರಣೆ ಹಲವು ಪಟ್ಟು ಏರಿತು. ಸಾಗಣೆಗೆ ಅನುಕೂಲವಾಗಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು, ಕಾರವಾರದ ಬಂದರನ್ನು ಬೆಳೆಸಿದರು. ಹತ್ತಿಗಾಗಿ ಪ್ರಾಂತದ ಗಡಿಯೇ ಬದಲಾದ ಪ್ರಸಂಗವಿದು. ಹಣ ಹರಿದಂತೆ ಮೋಸವೂ ಹರಿಯಿತು. ವಿಲಾಯತಿಗೆ ಜವಾರಿ ಬೆರೆಸುವುದು, ಅಂಡಿಗೆಯೊಳಗೆ ಬೀಜ, ಕಸ ತುಂಬುವುದು ಹೆಚ್ಚಿತು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಕಲಬೆರಕೆ ತಡೆಯಲು ಕಾಯಿದೆಯನ್ನೇ ತಂದಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು. ಒಳ್ಳೆಯ ದಿನಗಳಲ್ಲಿ ಎತ್ತು, ಬಂಗಾರ, ಮದುವೆ ಎಂದು ಮಾಡಿದ ಸಾಲ ಸಾಹುಕಾರನ ವಹಿಯಲ್ಲಿ ಉಳಿಯಿತು. ಕಂದಾಯವೂ ಉಳಿಯಿತು.

ಆ ಸಾಲದ ಮೇಲೆ ಬಂದೆರಗಿತು 1876ರಿಂದ 78ರ ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ಈ ಬರದಲ್ಲಿ ಮುಂಬಯಿ ಪ್ರಾಂತದೊಳಗೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಜನ ಕೆರೆ ಅಗೆದು, ಕಲ್ಲು ಒಡೆದು, ರಸ್ತೆಗೆ ಮಣ್ಣು ಹೊತ್ತು ಬರಗಾಲದ ಕೂಲಿಯಲ್ಲಿ ಜೀವ ಹಿಡಿದರು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಗಾಡಿದಾರಿ ಸಾಲದೆಂಬ ಪಾಠದಿಂದಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೊರಟ ಅದರ ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಬರ ತಡೆಯಲು ಬಂದ ರೈಲು ಸಾಗಿಸಿದ್ದು ಹೆಚ್ಚಾಗಿ ಹತ್ತಿ, ಮೆಣಸಿನಕಾಯಿ. ನಿಲ್ದಾಣದ ಸುತ್ತ ದಲಾಲಿ ಅಂಗಡಿ, ಜಿನ್ನು, ಗೋದಾಮು ಬೆಳೆದು ಹಳೆಯ ಊರಿನ ಪಕ್ಕದಲ್ಲಿ ಹೊಸ ಪೇಟೆಗಳು ಎದ್ದವು.

ಬ್ಯಾಡಗಿಯ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಪೋರ್ಚುಗೀಜರ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದಿಳಿದ ಆ ಕಾಯಿಗೆ ಕನ್ನಡಿಗರು ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟರು. ಶೇಂಗಾ, ಗೋವಿನಜೋಳ, ಬಟಾಟಿ, ಪೇರಲ ಎಲ್ಲವೂ ಆ ಖಂಡದಿಂದಲೇ ಬಂದವು. ಇಂದು ಹಾವೇರಿ ಜಿಲ್ಲೆಯ ಮುಂಗಾರಿನ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಕಾಣುವುದು ಗೋವಿನಜೋಳ. ಆದರೂ ಬಂದದ್ದನ್ನು ಪೂರ್ತಿ ತಮ್ಮದಾಗಿಸಿಕೊಂಡದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಉದ್ದನೆಯ, ಮೈತುಂಬ ಸುಕ್ಕಿನ ಕಡ್ಡಿ, ದುಂಡನೆಯ ಡಬ್ಬಿ ಎಂಬ ಎರಡು ಬಗೆಗಳನ್ನು ಇಲ್ಲಿನ ರೈತರು ಬೀಜ ಆರಿಸಿ ಆರಿಸಿ ಉಳಿಸಿಕೊಂಡರು. ಖಾರ ಕಡಿಮೆ, ಬಣ್ಣ ಗಾಢ. ಮನೆಯ ರಂಜಕಕ್ಕೂ ಮಸಾಲೆ ಪುಡಿಗೂ ಬೇಕಾದ ಆ ಕೆಂಪನ್ನು ಈಗ ಓಲಿಯೋರೆಸಿನ್ ರೂಪದಲ್ಲಿ ತೆಗೆದು ತಿಂಡಿತಿನಿಸಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಣದಲ್ಲಿ ಹರವಿ ಒಣಗಿಸಿ, ತೇವ ನೋಡಿ, ಕೈಯಲ್ಲಿ ಹಿಡಿದು ಅಲುಗಿಸಿ ಬೀಜದ ಸದ್ದಿನಿಂದ ಒಣಗಿದ್ದನ್ನು ಅಂದಾಜು ಮಾಡುವ ಕ್ರಮ ಮಾತ್ರ ಹಳೆಯದೇ.

ಹಾವೇರಿ ಪೇಟೆಯ ಹೆಸರು ನಿಂತದ್ದು ಏಲಕ್ಕಿಯ ಮೇಲೆ. ಮಲೆನಾಡಿನಿಂದ ಬರುತ್ತಿದ್ದ ಏಲಕ್ಕಿಯನ್ನು ಇಲ್ಲಿನ ಬಾವಿ ನೀರಿನಲ್ಲಿ ಅಂಟುವಾಳ ಹಾಕಿ ತೊಳೆದು, ಬಿಳುಪಾಗಿಸಿ ಒಣಗಿಸಿ ದೂರದ ಪೇಟೆಗಳಿಗೆ ಕಳುಹಿಸುತ್ತಿದ್ದರು. ಊರಿನಲ್ಲಿ ಏಲಕ್ಕಿ ಗಿಡವೇ ಇಲ್ಲದಿದ್ದರೂ ಏಲಕ್ಕಿ ಕಂಪಿನ ನಗರವೆಂಬ ಹೆಸರು ಬಂದದ್ದು ಹೀಗೆ. ಏಲಕ್ಕಿ ಕಾಯಿ ಪೋಣಿಸಿ ರೇಷ್ಮೆ, ಜರಿ ಸೇರಿಸಿ ಕಟ್ಟುವ ಹಾರ ಇಂದಿಗೂ ಹಾವೇರಿಯ ಗೌರವದ ಉಡುಗೊರೆ, ಅದನ್ನು ಕಟ್ಟುವ ಪಟವೇಗಾರರು ಇಂದಿಗೂ ಇದ್ದಾರೆ. ನೇಕಾರಿಕೆಯ ಕತೆ ಅಷ್ಟು ಸುಖದ್ದಲ್ಲ. ರಾಣೆಬೆನ್ನೂರು, ತುಮ್ಮಿನಕಟ್ಟಿಯ ಮಗ್ಗಗಳಿಗೆ ಗಿರಣಿಯ ನೂಲು ಸುಲಭವಾಗಿ ಸಿಕ್ಕಿತು, ಆದರೆ ಗಿರಣಿಯ ಬಟ್ಟೆ ಅವುಗಳ ಗಿರಾಕಿಯನ್ನು ಕಸಿದುಕೊಂಡಿತು. ಮೆಡ್ಲೇರಿಯ ಕುರುಬರ ಕಂಬಳಿಗೆ ಮಾತ್ರ ಯಾವ ಗಿರಣಿಯಿಂದಲೂ ಬದಲಿ ಸರಕು ಬರಲಿಲ್ಲ. ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ದೇವರ ಮುಂದೆ ಗದ್ದುಗೆ, ಕಣದಲ್ಲಿ ಕಾಳಿನ ಕೆಳಗಿನ ಹಾಸು ಎಲ್ಲವೂ ಅದೇ ಕರಿ ಕಂಬಳಿ.

ಈ ಪೇಟೆ, ಗಿರಣಿ, ರೈಲು ಜನರ ಹಾಡಿಗೂ ಬಂದವು. ಶಿಗ್ಗಾವಿ ಸೀಮೆಯ ಶಿಶುವಿನಹಾಳದಲ್ಲಿ ಬದುಕಿದ ಶರೀಫರು (1819–1889) ಈ ಇಡೀ ಬದಲಾವಣೆಯನ್ನು ಕಣ್ಣಾರೆ ಕಂಡವರು. ಬೀಸುಕಲ್ಲು, ಮಗ್ಗ, ಸೋರುವ ಮನೆ, ಸಂತೆಗಳನ್ನು ತತ್ವದ ಮಾತಾಗಿಸಿದ ಅವರು ಹತ್ತಿ ಗಿರಣಿಯನ್ನೂ ಬಿಡಲಿಲ್ಲ, ಅದರ ಮೇಲೊಂದು ಪದ ಕಟ್ಟಿದರು. ಬ್ರಿಟಿಷರ ಕಾಲದ ದಿನಬಳಕೆಯ ಚಿತ್ರ ಬೇಕಾದವರು 1884ರ ಧಾರವಾಡ ಗ್ಯಾಸೆಟಿಯರಿನಷ್ಟೇ ಶರೀಫರ ಪದಗಳನ್ನೂ ಓದಬೇಕು. ಗ್ಯಾಸೆಟಿಯರಿನಲ್ಲಿ ಅಂಕಿಗಳಿವೆ, ಪದಗಳಲ್ಲಿ ಆ ಅಂಕಿಗಳ ನಡುವೆ ಬಾಳಿದವರ ಮನಸ್ಸಿದೆ.

ಓದುಬರಹದಲ್ಲಿ ಈ ಸೀಮೆಯ ತೊಂದರೆ ಇಂಗ್ಲಿಷಿಗಿಂತ ಮೊದಲು ಮರಾಠಿಯದಾಗಿತ್ತು. ಪೇಶ್ವೆ ಕಾಲದಿಂದ ದಫ್ತರದ ಭಾಷೆ ಮರಾಠಿ, ಲಿಪಿ ಮೋಡಿ. ಮನೆಯಲ್ಲಿ ಕನ್ನಡ ಆಡುವ ಹುಡುಗ ಗಾವಟಿ ಶಾಲೆಯಲ್ಲಿ ಮರಾಠಿ ಕಲಿಯಬೇಕಿತ್ತು. 1860ರ ದಶಕದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ಶಾಲೆ ಬಂತು, ಓದಲು ಪುಸ್ತಕ ಇರಲಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ದೊಡ್ಡವರು ಹಾವೇರಿಯಲ್ಲೇ ಹುಟ್ಟಿದ ಗಳಗನಾಥರು (1869–1942). ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು, ವೃತ್ತಿ ಶಾಲಾ ಮಾಸ್ತರಿಕೆ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯಲ್ಲಿ ಬರೆದರು, ಅದನ್ನು ಬೆಳೆಸಿದರು, ವಿಜಯನಗರದ ಕತೆಯ ‘ಮಾಧವ ಕರುಣಾ ವಿಲಾಸ’ದಂಥ ದೊಡ್ಡ ಕಾದಂಬರಿಗಳನ್ನು ಕೊಟ್ಟರು. ಅಚ್ಚಾದ ಪುಸ್ತಕಗಳ ಗಂಟನ್ನು ಹೊತ್ತು ಊರಿಂದೂರಿಗೆ ನಡೆದು ತಾವೇ ಮಾರಿದರು. ಹತ್ತಿಯ ಅಂಡಿಗೆಗೆ ರೈಲು ಬಂದ ಕಾಲದಲ್ಲಿ ಕನ್ನಡ ಪುಸ್ತಕಕ್ಕೆ ಲೇಖಕನ ಹೆಗಲೇ ಗಾಡಿಯಾಗಿತ್ತು.

ಗಳಗನಾಥರಿಗೆ ನಲವತ್ತೆರಡು ತುಂಬಿದ ವರ್ಷ, 1911ರಲ್ಲಿ, ಬ್ಯಾಡಗಿ ಬಳಿಯ ಮೋಟೆಬೆನ್ನೂರಿನಲ್ಲಿ ಮೈಲಾರ ಮಹಾದೇವಪ್ಪ ಹುಟ್ಟಿದರು. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಗಾಂಧೀಜಿಯ ಜತೆ ಹೊರಟ ಸತ್ಯಾಗ್ರಹಿಗಳ ಪಟ್ಟಿಯಲ್ಲಿ ಮಹಾದೇವ ಮಾರ್ತಂಡ, ವಯಸ್ಸು 18, ಎಂಬ ಹೆಸರಿದೆ. ಸುಮಾರು 385 ಕಿಲೋಮೀಟರ್ ದಾರಿಯನ್ನು ಇಪ್ಪತ್ತನಾಲ್ಕು ದಿನಗಳಲ್ಲಿ ನಡೆದ ಆ ತಂಡದ ಕನ್ನಡಿಗ ಈ ಹುಡುಗ. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿ ಆಶ್ರಮ ಸೇರಿ, ಸೆರೆಮನೆ ಕಂಡರು. ಊರಿಗೆ ಮರಳಿದ ದಂಪತಿ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿ, ಗ್ರಾಮಸೇವೆಯಲ್ಲಿ ತೊಡಗಿದರು. ವಿಲಾಯತಿ ಹತ್ತಿ ಬೆಳೆದು ವಿಲಾಯತಿ ಬಟ್ಟೆ ಕೊಳ್ಳುತ್ತಿದ್ದ ಸೀಮೆಯಲ್ಲಿ ರಾಟಿ ತಿರುಗಿಸುವುದಕ್ಕೆ ಬೇರೆ ಕಡೆಗಿಂತ ಹೆಚ್ಚಿನ ಅರ್ಥವಿತ್ತು. ತಾನು ಬೆಳೆದ ಎಳೆ ತನ್ನ ಮೈಗೆ ಬರಲು ಮ್ಯಾಂಚೆಸ್ಟರ್ ಸುತ್ತಿ ಬರಬೇಕಾಗಿಲ್ಲ ಎಂಬುದನ್ನು ಇಲ್ಲಿನ ರೈತನಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ಕಂದಾಯದ ಮೇಲಿನ ಸಿಟ್ಟು ಆಗಲೇ ಹೊಗೆಯಾಡುತ್ತಿತ್ತು. ಕಾಯಿದೆಭಂಗದ ದಿನಗಳಲ್ಲಿ ಅಂಕೋಲಾ, ಸಿದ್ದಾಪುರಗಳ ಜತೆಗೆ ಹಿರೇಕೆರೂರು ತಾಲೂಕಿನ ರೈತರೂ ಕರನಿರಾಕರಣೆಗೆ ಇಳಿದು ಹೊಲ, ಎತ್ತು, ಪಾತ್ರೆ ಜಪ್ತಿಯಾಗುವುದನ್ನು ಸಹಿಸಿದರು. 1942ರಲ್ಲಿ ‘ಮಾಡು ಇಲ್ಲವೇ ಮಡಿ’ ಎಂಬ ಕರೆ ಬಂದಾಗ ಮಹಾದೇವಪ್ಪ ತಂಡ ಕಟ್ಟಿ ಚಾವಡಿ, ಅಂಚೆ, ಕಂದಾಯದ ದಫ್ತರಗಳ ಮೇಲೆ ಬಿದ್ದರು. ಜನರ ಜೀವಕ್ಕೆ ಕೈ ಹಾಕದೆ ಆಳ್ವಿಕೆಯ ಯಂತ್ರವನ್ನು ನಿಲ್ಲಿಸುವುದು ಅವರ ದಾರಿಯಾಗಿತ್ತು. 1943ರ ಏಪ್ರಿಲ್ 1ರಂದು ವರದಾ ನದಿಯ ಸೀಮೆಯ ಹೊಸರಿತ್ತಿಯಲ್ಲಿ, ವಸೂಲಾದ ಕಂದಾಯದ ಹಣವನ್ನು ಇಟ್ಟಿದ್ದ ವೀರಭದ್ರ ದೇವರ ಗುಡಿಯ ಬಳಿ ಕಾವಲಿನ ಪೊಲೀಸರ ಗುಂಡಿಗೆ ಮಹಾದೇವಪ್ಪ ಬಲಿಯಾದರು. ಜತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಅಲ್ಲೇ ಮಡಿದರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ. ವಿಂಗೇಟನ ಅಳತೆಯ ಸರಪಳಿಯಿಂದ ಶುರುವಾದ ರೂಪಾಯಿಯ ಲೆಕ್ಕಕ್ಕೆ ಈ ಸೀಮೆ ಕೊಟ್ಟ ಉತ್ತರ ಅದೇ ಕಂದಾಯದ ಪೆಟ್ಟಿಗೆಯ ಮುಂದೆ ಬಂದು ನಿಂತಿತು. ಹಾವೇರಿಯ ವೀರಸೌಧ ಈ ಮೂವರ ನೆನಪಿನದು, ಹಾವೇರಿ ರೈಲು ನಿಲ್ದಾಣಕ್ಕೂ ಮಹಾದೇವಪ್ಪನವರ ಹೆಸರಿದೆ.

ಇಂಥ ಕಾಲವನ್ನು ಮುಂದಿನವರ ಕಣ್ಣಿಗೆ ಕಟ್ಟುವುದು ಹೇಗೆಂಬ ಪ್ರಶ್ನೆಗೆ ಜಗತ್ತು ಬೇರೆ ಬೇರೆ ಉತ್ತರ ಹುಡುಕಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್, ಹಳೆಯ ಮನೆಗಳನ್ನು ಬಯಲಲ್ಲಿ ಮರುಕಟ್ಟಿ, ಅದರೊಳಗೆ ಹಳೆಯ ಕೆಲಸಗಳನ್ನು ಮಾಡಿ ತೋರಿಸುವ ಮಾದರಿಗೆ ನಾಂದಿ ಹಾಡಿತು. ಅಮೆರಿಕ ಬ್ರಿಟಿಷರ ವಸಾಹತಾಗಿದ್ದಾಗ ವರ್ಜೀನಿಯಾದ ರಾಜಧಾನಿಯಾಗಿದ್ದ ವಿಲಿಯಮ್ಸ್‌ಬರ್ಗ್ ಊರನ್ನು 1926ರಿಂದ ರಾಕ್‌ಫೆಲರ್ ಹಣದಲ್ಲಿ ಹದಿನೆಂಟನೆಯ ಶತಮಾನದ ರೂಪಕ್ಕೆ ತಂದರು. ಅಲ್ಲಿ ಆ ಕಾಲದ ಉಡುಪು ತೊಟ್ಟ ಕಮ್ಮಾರ, ಅಚ್ಚುಕೂಟದವ, ಅಡುಗೆಯವರು ನೋಡುಗರ ಎದುರೇ ಕೆಲಸ ಮಾಡುತ್ತಾರೆ. ಆದರೆ ಆ ಕಾಲದಲ್ಲಿ ಆ ಊರಿನ ಜನರಲ್ಲಿ ಅರ್ಧದಷ್ಟು ಮಂದಿ ಆಫ್ರಿಕಾ ಮೂಲದವರು, ಹೆಚ್ಚಿನವರು ಗುಲಾಮರು. ಅವರ ಬದುಕನ್ನು ನಟಿಸಿ ತೋರಿಸುವ ಕೆಲಸ ಗಟ್ಟಿಯಾಗಿ ಶುರುವಾದದ್ದು 1979ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ. ಅಂದವಾದ ಅಂಗಳ ತೋರಿಸಿ ಅದನ್ನು ಗುಡಿಸಿದವರನ್ನು ಮರೆಸುವ ಅಪಾಯ ಇಂಥ ಎಲ್ಲ ಪ್ರಯತ್ನಕ್ಕೂ ಇದೆ.

ಅದೇ ಪ್ರಶ್ನೆಗೆ ಹಾವೇರಿ ಜಿಲ್ಲೆ ಕೊಟ್ಟ ಒಂದು ಉತ್ತರ, ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿದೆ. ಹೆದ್ದಾರಿಯ ಬದಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಉತ್ತರ ಕರ್ನಾಟಕದ ಹಳ್ಳಿಯೊಂದನ್ನು ಆಳೆತ್ತರದ ಸಿಮೆಂಟಿನ ಆಕೃತಿಗಳಲ್ಲಿ ಕಟ್ಟಿದರು. ಕುಲುಮೆ, ಮಗ್ಗ, ತಿಗರಿ, ಕಣ, ಅಡುಗೆಮನೆ, ದನದ ಅಂಗಳ, ಎಲ್ಲದರಲ್ಲೂ ಮನುಷ್ಯರು ಕೆಲಸದ ನಡುವೆ ನಿಂತಂತೆ ನಿಂತಿದ್ದಾರೆ. ಮಣಿದ ಬೆನ್ನು, ಹಿಡಿದ ಮುಷ್ಟಿ, ಊರಿದ ಹಿಮ್ಮಡಿಗಳಲ್ಲಿ ಕಲಾವಿದನ ಗಮನವೆಲ್ಲ ನೆಟ್ಟಿದೆ. ದೊಡ್ಡಾಟಕ್ಕೆ ಹೊಸ ರಂಗರೂಪ ಕೊಡಲೂ ದುಡಿದ ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅದೇ ಗೊಟಗೋಡಿಯಲ್ಲಿ 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಉಪಕರಣಗಳ ಹೆಸರು, ಹಾಡು, ಆಟ, ಕಸುಬಿನ ಮಾತುಗಳನ್ನು ಕೂಡಿಡುವುದು ಅದರ ಕೆಲಸ. ಸಿಮೆಂಟು ಕಮ್ಮಾರನ ಮೈಕಟ್ಟನ್ನು ತೋರಿಸಬಲ್ಲದು, ಕಾದ ಕಬ್ಬಿಣಕ್ಕೆ ಎಷ್ಟು ಪೆಟ್ಟು ಎಂಬುದನ್ನು ತೋರಿಸದು. ಅದಕ್ಕೆ ಬದುಕಿರುವ ಕಮ್ಮಾರನೇ ಬೇಕು, ಅವನ ಮಾತನ್ನು ದಾಖಲಿಸುವವರೂ ಬೇಕು. ಗಾರ್ಡನ್ನೂ ವಿಶ್ವವಿದ್ಯಾಲಯವೂ ಒಂದೇ ಊರಿನಲ್ಲಿ ಅಕ್ಕಪಕ್ಕ ಇರುವುದು ಈ ಜಿಲ್ಲೆಯ ಭಾಗ್ಯ. ಬಿಟ್ಟಿ ಚಾಕರಿ, ಅಸ್ಪೃಶ್ಯತೆ, ಬರದ ವರ್ಷಗಳ ನೆನಪು, ಸಾಹುಕಾರನ ಬಾಗಿಲು ಕಾದವರ ಕತೆಗಳಿಗೂ ಅಂಥ ದಾಖಲೆಯಲ್ಲಿ ಸುಗ್ಗಿ, ಹಬ್ಬಗಳಷ್ಟೇ ಜಾಗ ಸಿಗಬೇಕು.

ಹೊಸರಿತ್ತಿಯವರ ಉತ್ತರ ಇನ್ನೊಂದು ಬಗೆಯದು. ಆ ಊರಿನ ಸ್ವಾತಂತ್ರ್ಯ ಹೋರಾಟಗಾರ, ಕರ್ನಾಟಕ ಏಕೀಕರಣಕ್ಕೆ ದುಡಿದ ಗುದ್ಲೆಪ್ಪ ಹಳ್ಳಿಕೇರಿಯವರ ನೆನಪಿನೊಂದಿಗೆ ಬೆಳೆದ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಖಾದಿ ತೊಟ್ಟು, ಹೊಲದ ಕೆಲಸ, ಹೈನುಗಾರಿಕೆಯ ಜತೆ ಪಾಠ ಓದುತ್ತಾರೆ. ಇವರಲ್ಲಿ ಯಾರೂ ಹಳೆಯ ಕಾಲದ ಪಾತ್ರ ಹಾಕಿಲ್ಲ. ಮಹಾದೇವಪ್ಪ ಮಡಿದ ಊರಿನಲ್ಲೇ ಅವರ ಕಾಲದ ದಿನಚರಿಯ ಒಂದು ತುಣುಕು ಇಂದಿನ ಶಾಲೆಯಾಗಿ ನಡೆಯುತ್ತಿದೆ.

ಇನ್ನು ಯಾವ ಸಂಗ್ರಹಾಲಯದ ಹೆಸರೂ ಇಲ್ಲದೆ ಉಳಿದದ್ದು ಕಡಿಮೆಯೇನಲ್ಲ. ನವರಾತ್ರಿಯಲ್ಲಿ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ, ಆ ಒಂದು ಮಾತಿನಲ್ಲಿ ಮಳೆ, ಬೆಳೆ, ಆಳ್ವಿಕೆಯ ಸೂಚನೆಯನ್ನು ಜನ ಹುಡುಕುತ್ತಾರೆ. ದೀಪಾವಳಿಯ ಹೊತ್ತಿಗೆ ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಗಳು ಓಡುತ್ತವೆ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಹಗೇವುಗಳು ಮಣ್ಣು ಮುಚ್ಚಿವೆ, ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರಿನ ಕೂರಿಗೆ ಬಂದಿದೆ, ಆಯದ ಕಾಳಿನ ಲೆಕ್ಕ ಹಿರಿಯರ ಮಾತಿನಲ್ಲಷ್ಟೇ ಇದೆ. ಅಂಗಾಲಿನ ಉರುಳೆಯಿಂದ ಹತ್ತಿಬೀಜ ಹಾರಿಸುವುದನ್ನು ಇಂದು ಮಾಡಿ ತೋರಿಸುವವರು ಸಿಗುವುದೇ ಕಷ್ಟ.

ಹತ್ತಿಯೊಡನೆ ಈ ಸೀಮೆಯ ಹೆಂಗಸರ ನಂಟು ಮಾತ್ರ ಬೇರೊಂದು ರೂಪದಲ್ಲಿ ಮುಂದುವರಿದಿದೆ. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಹೈಬ್ರಿಡ್ ಬೀಜೋತ್ಪಾದನೆಗೆ ರಾಣೆಬೆನ್ನೂರು ದೊಡ್ಡ ಕೇಂದ್ರವಾಗಿ ಬೆಳೆಯಿತು. ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿಯ ತಾಕುಗಳಲ್ಲಿ ಮರುದಿನ ಅರಳುವ ಮೊಗ್ಗನ್ನು ಸಂಜೆಯೇ ಗುರುತಿಸಿ, ಎಸಳು ಬಿಡಿಸಿ, ಕೇಸರಗಳನ್ನು ಉಗುರಿನಿಂದಲೋ ಚಿಮಟದಿಂದಲೋ ತೆಗೆಯುತ್ತಾರೆ. ಮುಂಜಾನೆ ಇಬ್ಬನಿ ಆರಿದ ಮೇಲೆ ಗಂಡು ಹೂವನ್ನು ತಂದು ಒಂದೊಂದಕ್ಕೂ ಮುಟ್ಟಿಸಿ ದಾರ ಕಟ್ಟುತ್ತಾರೆ. ‘ಕ್ರಾಸಿಂಗ್’ ಎಂಬ ಇಂಗ್ಲಿಷ್ ಹೆಸರಿನಿಂದಲೇ ಕರೆಯುವ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ದಿನಗೂಲಿಯ ಲೆಕ್ಕದಲ್ಲಿ ಸಾವಿರಾರು ಹೂಗಳು ಅವರ ಬೆರಳ ತುದಿ ದಾಟಿ ಹೋಗುತ್ತವೆ.